ಚರ್ಮದ ಮಾತು ಕೇಳುವ ಸೂಜಿ

ಬೆಳಗಾವಿಯ ಶಿವಬಸವ ನಗರದ ಹಿಂದಿನ ಓಣಿಯಲ್ಲಿ ಹಾಲಿನವನ ಸೈಕಲ್ಲು ಎರಡನೇ ಸುತ್ತು ಹಾಕಿಯಾಗಿದೆ. ಪಾರೀಸ ತಮ್ಮ ಮನೆಯ ಪೂರ್ವದ ಕಿಟಕಿಯ ಕೆಳಗೆ, ಉದ್ದನೆಯ ಹಲಗೆಯ ಮುಂದೆ, ಎರಡೂ ಅಂಗೈಗಳನ್ನು ಬಿಚ್ಚಿ ಮುಖದೆದುರು ಹಿಡಿದುಕೊಂಡು ಕೂತಿದ್ದಾರೆ. ನೋಡಿದವರು ಪ್ರಾರ್ಥನೆ ಎಂದುಕೊಳ್ಳಬೇಕು. ಪ್ರಾರ್ಥನೆ ಆಗಲೇ ಮುಗಿದಿದೆ. ಅವರು ನೋಡುತ್ತಿರುವುದು ಅಂಗೈಯ ಗೆರೆಗಳನ್ನು. ಗೆರೆ ಬರಿಗಣ್ಣಿಗೆ ಕಂಡರೆ ಬೆಳಕಾಯಿತೆಂದು ಅರ್ಥ. ಜೈನರ ಮನೆ; ಅಲ್ಲಿಯ ತನಕ ಬಾಯಿಗೆ ನೀರೂ ಇಲ್ಲ, ಕೈಗೆ ಕೆಲಸವೂ ಇಲ್ಲ. ತಲೆಯ ಮೇಲೆ ಬಲ್ಬು ತೂಗುತ್ತಿದೆ, ಸ್ವಿಚ್ಚು ಕೂತಲ್ಲಿಂದಲೇ ಎಟಕುತ್ತದೆ. ಆದರೂ ಹಾಕುವುದಿಲ್ಲ.

"ದೀಪಾ ಹಚ್ಚಿದರ ಹುಳಾ ಬರ್ತಾವರಿ. ಬಂದು ಸಾಯ್ತಾವ. ನನ್ನ ಎರಡು ತಾಸಿನ ಕೆಲಸಕ್ಕ ಅವು ಯಾಕ ಸಾಯಬೇಕು?" ಎನ್ನುತ್ತಾರೆ ಪಾರೀಸ.

ಹುಳು ಸಾಯಬಾರದೆಂದು ಕತ್ತಲಲ್ಲಿ ಕೈಕಟ್ಟಿ ಕೂರುವ ಈ ನಲವತ್ತೆಂಟರ ಮನುಷ್ಯ, ಬೆಳಕಾದ ಮೇಲೆ ಮಾಡುವ ಕೆಲಸ ಯಾವುದೆಂದು ಕೇಳಿದರೆ ನಗು ಬರುತ್ತದೆ. ಮನುಷ್ಯರ ಚರ್ಮ ಚುಚ್ಚುವ ಯಂತ್ರ ಮಾಡುತ್ತಾರೆ. ಬೆಳಗಾವಿಯಿಂದ ಖಾನಾಪುರ ದಾಟಿ, ಗೋವಾ ಗಡಿಯ ಕಣಕುಂಬಿಯ ಕಾಡಿನ ತನಕ ಹಚ್ಚೆ ಹಾಕುವವರ ಚೀಲದಲ್ಲಿ ಪಾರೀಸರ ಯಂತ್ರ ಇದೆ. ಅದರ ಮೇಲೆ ಹೆಸರಿಲ್ಲ, ಊರಿಲ್ಲ. ಹಚ್ಚೆ ಹಾಕಿಸಿಕೊಂಡವರಿಗೆ ಹಾಕಿದವರ ಮುಖ ನೆನಪಿರುತ್ತದೆ. ಯಂತ್ರ ಮಾಡಿದವರು ಯಾರೆಂದು ಕೇಳುವಷ್ಟು ಪುರುಸೊತ್ತು ಯಾರಿಗಿರುತ್ತದೆ?

ಅಂಗೈಯ ಗೆರೆ ಕಂಡಿತು. ಪಾರೀಸ ಒಂದು ಲೋಟ ನೀರು ಕುಡಿದು, ಕನ್ನಡಕ ಏರಿಸಿ, ಹಲಗೆಯ ಮೇಲಿನ ಬಟ್ಟೆ ಸರಿಸುತ್ತಾರೆ. ಕೆಟ್ಟ ಟೇಪ್‌ರೆಕಾರ್ಡರಿನಿಂದ ಕಿತ್ತ ಪುಟ್ಟ ಮೋಟಾರು, ಅದರ ತುದಿಗೆ ಅಂಗಿಯ ಗುಂಡಿಯಷ್ಟಗಲದ ಹಿತ್ತಾಳೆ ಚಕ್ರ, ಚಕ್ರದ ನಡುವನ್ನು ಬಿಟ್ಟು ಬದಿಗೆ ಹೊಡೆದ ಒಂದು ಮೊಳೆ. ಮೋಟಾರು ತಿರುಗಿದರೆ ಮೊಳೆ ಸುತ್ತುತ್ತದೆ. ಮೊಳೆಗೆ ಸಿಕ್ಕಿಸಿದ ಸೈಕಲ್ ಕಡ್ಡಿ ಮೇಲೆ ಕೆಳಗೆ ಆಡುತ್ತದೆ. ಕಡ್ಡಿಯ ತುದಿಗೆ ಬೆಸೆದ ಸೂಜಿ ಚರ್ಮದೊಳಗೆ ಮಸಿ ಇಳಿಸುತ್ತದೆ. ಇಷ್ಟೇ ಯಂತ್ರ. ಇದನ್ನು ಕೂಡಿಸುವುದು ಯಾರಿಗಾದರೂ ಬಂದೀತು. ಯಾರ ಕೈಗೆ, ಯಾವ ಕೆಲಸಕ್ಕೆ ಎಂದು ಹೊಂದಿಸುವುದರಲ್ಲಿ ಇವರ ಬೆಳಗಿನ ಎರಡು ತಾಸು ಹೋಗುತ್ತದೆ. ಒಂದು ಯಂತ್ರಕ್ಕೆ ಹನ್ನೊಂದು ಬೆಳಗು ಬೇಕು. ಎಂಟೂಕಾಲಿಗೆ ಸೈಕಲ್ ಹತ್ತಿ ಊರು ದಾಟಿ ಉದ್ಯಮಬಾಗಕ್ಕೆ ಹೋಗಬೇಕು. ಒಂಬತ್ತರಿಂದ ಅಲ್ಲಿನ ಕಾರ್ಖಾನೆಯೊಂದರಲ್ಲಿ ಲೇತ್ ಮುಂದೆ ನಿಲ್ಲಬೇಕು. ಇಪ್ಪತ್ತಾರು ವರ್ಷದಿಂದ ಅವರು ಟರ್ನರ್. ಫೋರ್‌ಮನ್ ಗುರುಪಾದಪ್ಪ ಒಳ್ಳೆಯವರು, ಊಟದ ಹೊತ್ತಿನಲ್ಲಿ ಹಿತ್ತಾಳೆಯ ತುಣುಕು ತಿರುವಿಕೊಳ್ಳಲು ಬಿಡುತ್ತಾರೆ. ಚಕ್ರಗಳು ಹುಟ್ಟುವುದು ಅಲ್ಲಿ.

ಈ ಕೆಲಸ ಪಾರೀಸರನ್ನು ಹುಡುಕಿಕೊಂಡು ಬಂದದ್ದು ಹತ್ತು ವರ್ಷದ ಹಿಂದೆ, ಎಪ್ಪತ್ತಾರನೇ ಇಸವಿಯಲ್ಲಿ. ಬಸ್ ನಿಲ್ದಾಣದ ಹೊರಗೆ ಕುರ್ಚಿ ಹಾಕಿಕೊಂಡು ಕೈಮೇಲೆ ಹೆಸರು ಬರೆಯುತ್ತಿದ್ದ ಬಸಯ್ಯ, ಮುಂಬಯಿಯಿಂದ ತರಿಸಿದ ಯಂತ್ರವೊಂದನ್ನು ಹಿಡಿದುಕೊಂಡು ಬಂದರು. ಅದು ಕರೆಗಂಟೆಯ ಜಾತಿಯದು. ಗಡಗಡ ಎಂದು ಬಡಿಯುತ್ತಿತ್ತು, ಹಿಡಿದವರ ಕೈ ಜೋಮು ಹಿಡಿಯುತ್ತಿತ್ತು, ಸಪ್ಪಳಕ್ಕೇ ಮಕ್ಕಳು ಅಳುತ್ತಿದ್ದವು. ರಿಪೇರಿ ಮಾಡಿಕೊಡಿ ಎಂದರು ಬಸಯ್ಯ. ಸೂಜಿ, ಚರ್ಮ, ರಕ್ತ ಎಂದು ಕೇಳಿದ್ದೇ ಪಾರೀಸ ಎದ್ದು ನಿಂತುಬಿಟ್ಟರು. ಇಂಥದ್ದನ್ನು ನಮ್ಮ ಹೊಸ್ತಿಲ ಒಳಗೆ ತರಬೇಡ ಎಂದರು. ಒಳಗಿನಿಂದ ಬಂದು ಮಾತಾಡಿದ್ದು ಅವರ ಹೆಂಡತಿ ರತ್ನಮಾಲಾ.

"ಚುಚ್ಚಸ್ಕೊಳ್ಳಾವ್ರು ಹೆಂಗೂ ಚುಚ್ಚಸ್ಕೋತಾರ. ನೀವ ಬ್ಯಾಡ ಅಂದರ ಬಿಡ್ತಾರೇನು? ನೋವು ಕಡಿಮಿ ಮಾಡಾಕ ಬರ್ತದೇನು ಅದನ್ನ ನೋಡ್ರಿ," ಎಂದರು ಅವರು. ಮಾತು ಖರೇ ಇತ್ತು. ಪಾರೀಸ ಕೂತರು.

ಮುಂಬಯಿಯ ಯಂತ್ರವನ್ನು ಬಿಚ್ಚಿ ನೋಡಿ, ಅದನ್ನು ಹಾಗೇ ಬದಿಗಿಟ್ಟು, ಅವರು ತಿರುಗುವ ಮೋಟಾರಿನದೇ ಹೊಸದೊಂದನ್ನು ಮಾಡಿದರು. ಬಡಿತವಿಲ್ಲ, ಜೋಮಿಲ್ಲ. ಸರಿಯಾಗಿದೆಯೋ ಇಲ್ಲವೋ ಎಂದು ಯಾರ ಮೇಲೆ ನೋಡಬೇಕು? ಬೇರೆ ಜೀವಕ್ಕೆ ನೋವು ಕೊಡಬಾರದೆಂದು ಪಾರೀಸ ತಮ್ಮ ತೊಡೆಯನ್ನೇ ಮುಂದೆ ಮಾಡಿದರು. ಗೆರೆ ಕೂದಲೆಳೆಯಷ್ಟು ತೆಳ್ಳಗೆ, ಕಪ್ಪಗೆ ಬಂತು. ಬಸಯ್ಯ ಕುಣಿದಾಡಿದರು.

ಅದೇ ವರ್ಷ ರತ್ನಮಾಲಾ ಅವರ ತಾಯಿ ರಾಜಮತಿ ತೀರಿಕೊಂಡಿದ್ದರು. ಸತ್ತ ಮೇಲೆ ಜೊತೆಗೆ ಬರುವುದು ಹಚ್ಚೆಯೊಂದೇ ಎಂಬುದು ಈ ಕಡೆಯ ಹೆಂಗಸರ ನಂಬಿಕೆ; ಬಂಗಾರವನ್ನು ಕಳಚಿಕೊಳ್ಳಬಹುದು, ಹಚ್ಚೆಯನ್ನು ಕಳಚಲಾಗದು. ಅವ್ವನ ಹೆಸರು ತನ್ನ ಜೊತೆ ಬರಲಿ ಎಂದು ರತ್ನಮಾಲಾ ಎಡಗೈಯ ಮಣಿಕಟ್ಟಿನ ಒಳಬದಿಯನ್ನು ಬಸಯ್ಯನ ಮುಂದೆ ಚಾಚಿದರು. ಗಂಡ ಮಾಡಿದ ಯಂತ್ರ, ಗಂಡನ ಮೈಮೇಲೆ ನೋಡಿಯಾದ ಯಂತ್ರ. ಅಂಜಿಕೆ ಯಾಕೆ?

ತಪ್ಪಾದದ್ದು ಅಲ್ಲೇ. ಪಾರೀಸರ ತೊಡೆ ವರ್ಷಗಟ್ಟಲೆ ಸೈಕಲ್ ತುಳಿದ ತೊಡೆ. ಅದಕ್ಕೆ ಹದವಾದ ಸೂಜಿ, ಮಣಿಕಟ್ಟಿನ ಒಳಗಿನ ಎಳೆಯ ಚರ್ಮವನ್ನು ದಾಟಿ ಕೆಳಗಿಳಿಯಿತು. ಚರ್ಮದ ಅಡಿ ಇಳಿದ ಮಸಿಗೆ ಅಂಕೆ ಇರುವುದಿಲ್ಲ, ಹರಡುತ್ತದೆ. ಮೊದಲ ದಿನ 'ರಾಜಮತಿ' ಎಂದೇ ಇತ್ತು. ಮೂರನೇ ದಿನಕ್ಕೆ ಅಕ್ಷರಗಳ ಅಂಚು ಕದಡಿತು. ವಾರ ಕಳೆಯುವಷ್ಟರಲ್ಲಿ ನಾಲ್ಕೂ ಅಕ್ಷರ ಒಂದರೊಳಗೊಂದು ಕೂಡಿ, ಹುಣಸೆ ಬೀಜದಷ್ಟು ದೊಡ್ಡ ನೀಲಿ ಕಲೆಯಾಗಿ ಕೂತುಬಿಟ್ಟವು.

"ಆಕಿ ಒಂದ ಮಾತು ಬೈಲಿಲ್ಲರಿ," ಎನ್ನುತ್ತಾರೆ ಪಾರೀಸ. ಇದನ್ನು ಹೇಳುವಾಗ ಅವರು ಕೈಯಲ್ಲಿನ ಅರವನ್ನು ಕೆಳಗಿಡುತ್ತಾರೆ. "ಬೈದಿದ್ರ ಚೊಲೋ ಇತ್ತು. ಮರುದಿನಾ ಉದ್ದನ ತೋಳಿನ ಕುಬಸಾ ಹೊಲಿಸಾಕ ಹಾಕಿದ್ಲು, ಅಷ್ಟ. ನನ್ನ ಮೈ ಮ್ಯಾಲ ನೋಡಿದ್ರ ಪಾಪ ಬರಂಗಿಲ್ಲ ಅಂದ್ಕೊಂಡಿದ್ದೆ. ನನ್ನ ಚರ್ಮಾ ಅಂದ್ರ ಎಲ್ಲಾರ ಚರ್ಮಾ ಅಂತ ತಿಳಕೊಂಡಿದ್ನಲ್ಲಾ, ಅದ ತಪ್ಪಾತು."

ಅಂದಿನಿಂದ ಹತ್ತು ವರ್ಷ ರತ್ನಮಾಲಾ ಬೇಸಿಗೆಯಲ್ಲೂ ಮಣಿಕಟ್ಟು ಮುಚ್ಚುವ ತೋಳು ತೊಟ್ಟರು. ಬಸದಿಯಲ್ಲಿ ಸಾಲುಪಂಕ್ತಿಗೆ ಬಡಿಸುವುದೆಂದರೆ ಅವರಿಗೆ ಬಲು ಇಷ್ಟ, ಬಡಿಸಲು ಹೋದರೆ ತೋಳು ಮೇಲೆ ಸರಿಯುತ್ತದೆ, ಕಲೆ ಕಾಣುತ್ತದೆ, ಯಾರೋ ಕೇಳುತ್ತಾರೆ: "ಏನಾತ ರತ್ನಮಾಲಾ, ಏನರ ಬಡೀತೇನ?" ಅವ್ವನ ಹೆಸರನ್ನು ಪೆಟ್ಟಿನ ಗುರುತು ಎಂದು ಕೇಳಿಸಿಕೊಳ್ಳುವುದು ಆಗಲಿಲ್ಲ. ಬಡಿಸುವುದನ್ನು ಬಿಟ್ಟು ಹಿಂದಿನ ಕೋಣೆಯಲ್ಲಿ ಪಾತ್ರೆ ಬೆಳಗತೊಡಗಿದರು. ಗಂಡಸರ ಪಂಕ್ತಿಯಲ್ಲಿ ಕೂತ ಪಾರೀಸರಿಗೆ ಆ ಪಾತ್ರೆಗಳ ಸಪ್ಪಳ ಕೇಳುತ್ತಿತ್ತು. ಒಂದು ಯಂತ್ರ ಸಾಕೆಂದಿದ್ದ ಮನುಷ್ಯ ನೂರು ದಾಟಿದ್ದು ಅದನ್ನು ಕೇಳಿಸಿಕೊಂಡೇ. ಆ ಮಣಿಕಟ್ಟಿನ ಮೇಲೆ ಮತ್ತೆ ಇಡಬಹುದಾದ ಸೂಜಿ ಅವರಿಗೆ ಬೇಕಿತ್ತು.

ಅಷ್ಟರಲ್ಲಿ ಕಲಿತದ್ದು ಬಹಳ. ಹಚ್ಚೆಯಲ್ಲಿ ಗೆರೆ ಎಳೆಯುವುದು ಒಂದು, ತುಂಬುವುದು ಒಂದು, ಚುಕ್ಕಿ ಇಡುವುದು ಇನ್ನೊಂದು. ಗೆರೆಗೆ ಸೂಜಿ ಮೂರೂವರೆ ಮಿಲಿಮೀಟರ್ ಆಡಬೇಕು, ಮೋಟಾರಿಗೆ ನಾಲ್ಕು ಬ್ಯಾಟರಿ ಸೆಲ್ ಬೇಕು; ನಿಧಾನವಾದರೆ ಗೆರೆ ತುಂಡು ತುಂಡಾಗುತ್ತದೆ. ಎಲೆಯನ್ನೋ ಚೇಳಿನ ಹೊಟ್ಟೆಯನ್ನೋ ತುಂಬಬೇಕಾದರೆ ಎರಡೂವರೆ ಸಾಕು, ಸೆಲ್ಲು ಮೂರು, ಐದು ಸೂಜಿಗಳನ್ನು ಸಾಲಾಗಿ ಬೆಸೆಯಬೇಕು. ಚುಕ್ಕಿಗೆ ಒಂಟಿ ಸೂಜಿ, ಇನ್ನೂ ಗಿಡ್ಡ ಆಟ. ಚಕ್ರದ ಮೇಲೆ ಮೊಳೆ ಒಂದು ಮಿಲಿಮೀಟರ್ ಸರಿದರೆ ಕೆಳಗೆ ಸೂಜಿ ಎರಡು ಮಿಲಿಮೀಟರ್ ಹೆಚ್ಚು ಆಡುತ್ತದೆ. ಹಾಗಾಗಿ ಅರದ ಒಂದೇ ಎಳೆತಕ್ಕೆ ಬೆಳಗಿನ ಕೆಲಸವೆಲ್ಲ ಹಾಳಾದದ್ದೂ ಉಂಟು. ಪ್ರತಿ ಯಂತ್ರದ ಜೊತೆ ಇಪ್ಪತ್ತು ಸೂಜಿಕಡ್ಡಿ ಕೊಡುತ್ತಾರೆ. ಒಬ್ಬರಿಗೆ ಹಾಕಿದ ಸೂಜಿಯನ್ನು ಇನ್ನೊಬ್ಬರಿಗೆ ಹಾಕಿದ್ದು ಗೊತ್ತಾದರೆ ಆ ಯಂತ್ರವನ್ನು ಮತ್ತೆ ರಿಪೇರಿ ಮಾಡುವುದಿಲ್ಲ.

ಪರೀಕ್ಷೆಗೆ ಈಗ ಬಾಳೆಹಣ್ಣಿನ ಸಿಪ್ಪೆ. ಹಸಿ ಬಾಳೆಕಾಯಿಯ ಸಿಪ್ಪೆ ಎಂದರೆ ಹೊಲದಲ್ಲಿ ದುಡಿದವರ ತೋಳು. ಅರೆಹಣ್ಣು ಎಂದರೆ ಹುಡುಗಿಯರ ಮುಂಗೈ. ಕಪ್ಪು ಚುಕ್ಕಿ ಬಿದ್ದ ಪೂರಾ ಹಣ್ಣು ಎಂದರೆ ಮುದುಕಿಯರ ಚರ್ಮ. ಮೇಲೆ ಹಚ್ಚೆ ಹಾಕಿ, ಸಿಪ್ಪೆ ಸುಲಿದು ಒಳಗೆ ನೋಡುತ್ತಾರೆ. ಒಳಗೆ ಮಸಿ ಕಂಡರೆ ಮತ್ತೆ ಅರ ಹಿಡಿಯಬೇಕು. ಹೀಗಾಗಿ ಈ ಮನೆಯಲ್ಲಿ ಬಾಳೆಹಣ್ಣಿಗೆ ಬರವಿಲ್ಲ, ತಿನ್ನುವವರಿಗೆ ಮಾತ್ರ ಬೇಜಾರು ಬಂದಿದೆ. ಸಿಪ್ಪೆಯಲ್ಲಿ ಪಾಸಾದ ಮೇಲೆ, ಹಳೆಯ ರೂಢಿ ಬಿಡದೆ, ಪಾರೀಸ ತಮ್ಮ ತೊಡೆಗೂ ಒಂದು ಚುಕ್ಕಿ ಇಟ್ಟುಕೊಳ್ಳುತ್ತಾರೆ. ಈಗ ಅಲ್ಲಿ ಆ ಮೊದಲ ಗೆರೆಯ ಪಕ್ಕದಲ್ಲಿ ನೂರಾ ನಲವತ್ತೆರಡು ಚುಕ್ಕಿಗಳಿವೆ.

ಪಾರೀಸರನ್ನು ಪೇಚಿಗೆ ಸಿಕ್ಕಿಸಿದ ಗಿರಾಕಿ ಯಾರೆಂದರೆ ಖಾನಾಪುರದ ಭರಮವ್ವ. ಎಪ್ಪತ್ತು ದಾಟಿದ ಇವರು ಐವತ್ತು ವರ್ಷ ಕೈಸೂಜಿಯಲ್ಲೇ ಹಚ್ಚೆ ಹಾಕಿದವರು. ಬೆರಳಿಗೆ ವಾತ ಹಿಡಿದ ಮೇಲೆ ಬಸಯ್ಯನ ಮಾತು ಕೇಳಿ, ಖಾನಾಪುರದ ಬಸ್ಸಿನಿಂದ ಉದ್ಯಮಬಾಗದಲ್ಲಿ ಇಳಿದು, ಕಾರ್ಖಾನೆಯ ಗೇಟಿನ ಮುಂದೆ ನಿಂತು ಟರ್ನರ್ ಪಾರೀಸ ಯಾರು ಎಂದು ಕೂಗಿ ಕರೆದರು. ಯಂತ್ರ ಕೊಟ್ಟರೆ ಕಿವಿಯ ಹತ್ತಿರ ಹಿಡಿದು ಆಡಿಸಿದರು. ವಾಪಸು ಕೊಟ್ಟರು.

"ಇದರ ಸಪ್ಪಳಾ ನನ್ನ ಹಾಡಿಗಿಂತ ಜೋರ ಐತಿ. ಒಲ್ಲೆ. ಹಚ್ಚಿ ಹಾಕೂಮುಂದ ಹಾಡಬೇಕೋ ಯಪ್ಪಾ. ಹುಡುಗಿ ಲಕ್ಷ್ಯ ಹಾಡಿನ ಕಡಿ ಇರಬೇಕು, ಸೂಜಿ ಕಡಿ ಇರಬಾರದು. ನಿನ್ನ ಮಿಷನ್ ಹಾಡಾಕತ್ತಿದ್ರ ನಾ ಏನ ಮಾಡ್ಲಿ?"

ಪಾರೀಸ ಮೋಟಾರಿಗೆ ಕಂಬಳಿಯ ತುಂಡು ಸುತ್ತಿದರು, ಹಿಡಿಕೆಗೆ ಸೈಕಲ್ ಟ್ಯೂಬು ಹಾಕಿದರು. ಒಂದು ಭಾನುವಾರ ಖಾನಾಪುರಕ್ಕೇ ಹೋಗಿ, ಭರಮವ್ವ ಹಾಡುತ್ತಿದ್ದಾಗ ಎದುರು ಕೂತು, ಹಾಡಿನ ನಡಿಗೆಗೆ ಸರಿಯಾಗಿ ಮೋಟಾರಿನ ವೇಗ ಇಳಿಸಿದರು. ಅದಾದ ಮೇಲೆ ಮುದುಕಿ ಆ ಯಂತ್ರ ಬಿಟ್ಟು ಹೊರಗೆ ಕಾಲಿಟ್ಟಿಲ್ಲ. ಕರೆಂಟು ಕಾಣದ ಹಳ್ಳಿಗಳಲ್ಲಿ, ಮಳೆಗಾಲದ ಥಂಡಿಯಲ್ಲಿ ಸೆಲ್ಲುಗಳನ್ನು ಸೆರಗಿನ ಗಂಟಿನಲ್ಲಿ ಬೆಚ್ಚಗಿಟ್ಟುಕೊಂಡು ತಿರುಗುತ್ತಾರೆ.

ಬಸದಿಯ ಹಿರಿಯರೊಬ್ಬರು ಒಮ್ಮೆ ಪಾರೀಸರನ್ನು ಬದಿಗೆ ಕರೆದು, ಚುಚ್ಚುವ ಉಪಕರಣ ಮಾಡುವುದು ನಮಗೆ ತಕ್ಕದ್ದೇ ಎಂದು ಕೇಳಿದರು. ಪಾರೀಸ ತಲೆ ತಗ್ಗಿಸಿ ಬಂದರು. ಕೆಲಸ ಬಿಡಲಿಲ್ಲ. "ಅವರು ಹೇಳಿದ್ದು ತಪ್ಪಲ್ಲರಿ. ಆದರ ನನ್ನ ಮಿಷನ್ ಹೊಟ್ಟಿಪಾಡಿಗಿಲ್ಲ. ನನಗಿರೂದು ಒಂದ ಆಸೆ. ಹಚ್ಚಿ ಹಾಕಿಸ್ಕೊಂಡಾವ್ರು ಯಾರೂ ಅದನ್ನ ಮುಚ್ಕೊಂಡು ಅಡ್ಡಾಡಬಾರದು."

ಮುಚ್ಚಿಕೊಂಡು ಅಡ್ಡಾಡುವವರು ಮನೆಯೊಳಗೇ ಇದ್ದರಲ್ಲ. ಮೊಳೆ ಎಷ್ಟು ಒಳಗೆ ಸರಿಸಿದರೂ ಮಾಗಿದ ಬಾಳೆಸಿಪ್ಪೆಯ ಒಳಗೆ ಒಂದಲ್ಲ ಒಂದು ಕಡೆ ಮಸಿ ಇಣುಕುತ್ತಲೇ ಇತ್ತು. ಒಂಬತ್ತು ವರ್ಷ ಹೀಗೇ ಕಳೆಯಿತು. ಕಳೆದ ವರ್ಷದ ಶ್ರಾವಣದಲ್ಲಿ ಉದ್ಯಮಬಾಗದ ದಾರಿಯಲ್ಲಿ ಸೈಕಲ್ಲಿನ ಗಾಳಿ ಹೋಯಿತು. ರಸ್ತೆಯ ಬದಿಗೆ ಕೂತು ಚಕ್ರಕ್ಕೆ ಗಾಳಿ ತುಂಬುವ ವಾಲ್ವ್ ಬಿಚ್ಚಿದರೆ, ಅದರ ಮೇಲಿನ ರಬ್ಬರ್ ನಳಿಕೆ ಹರಿದಿತ್ತು. ಕಡ್ಡಿಯಷ್ಟು ಸಣ್ಣ ನಳಿಕೆ. ಒಳಗಿನ ಗಾಳಿಗೆ ದಾರಿ ಬಿಡುತ್ತದೆ, ಹೊರಗಿನ ಒತ್ತಡಕ್ಕೆ ಮೆತ್ತಗೆ ಕುಗ್ಗುತ್ತದೆ. ಪಾರೀಸ ಅದನ್ನು ಬೆರಳಲ್ಲಿ ಹಿಸುಕುತ್ತ ಮಳೆಯಲ್ಲೇ ಕೂತರು. ಅಂದು ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಕೆಲಸಕ್ಕೆ ತಡವಾಯಿತು.

ಇಷ್ಟು ದಿನ ಕಡ್ಡಿ ಒಂದೇ ತುಂಡಾಗಿತ್ತು. ಚಕ್ರ ತಳ್ಳಿದಷ್ಟೂ ಸೂಜಿ ಇಳಿಯಲೇಬೇಕಿತ್ತು. ಪಾರೀಸ ಕಡ್ಡಿಯನ್ನು ನಡುವೆ ಕತ್ತರಿಸಿ, ಎರಡು ತುಂಡುಗಳ ನಡುವೆ ಸಣ್ಣ ಸಂದು ಬಿಟ್ಟು, ಆ ರಬ್ಬರ್ ನಳಿಕೆಯಿಂದ ಜೋಡಿಸಿದರು. ಈಗ ಸೂಜಿಗೆ ಅಡ್ಡಿಯಾದರೆ ರಬ್ಬರ್ ಕುಗ್ಗುತ್ತದೆ, ಮಿಕ್ಕ ಒತ್ತಡವನ್ನು ತಾನು ನುಂಗುತ್ತದೆ. ಎಂಥ ರಬ್ಬರ್, ಎಷ್ಟು ಉದ್ದ, ಎಷ್ಟು ಸಂದು ಎಂದು ತಿಳಿಯಲು ಇನ್ನೂ ಒಂದು ವರ್ಷ ಹಿಡಿಯಿತು.

"ಸೂಜಿಗೆ ಹಟಾ ಇರಬಾರದು ನೋಡ್ರಿ," ಎನ್ನುತ್ತಾರೆ ಪಾರೀಸ, ಕಡ್ಡಿಯನ್ನು ಬೆರಳಿನಿಂದ ಒತ್ತಿ ತೋರಿಸುತ್ತ. "ಚರ್ಮಾ ಬ್ಯಾಡ ಅಂದ್ರ ಸೂಜಿ ಕೇಳಬೇಕು."

ಈ ವರ್ಷದ ನವರಾತ್ರಿಯ ಹೊತ್ತಿಗೆ ನೂರಾ ನಲವತ್ಮೂರನೆಯ ಯಂತ್ರ ಸಿದ್ಧವಾಯಿತು. ಮಾಗಿದ ಸಿಪ್ಪೆಯ ಒಳಗೆ ಒಂದು ಚುಕ್ಕಿ ಮಸಿಯೂ ಕಾಣಲಿಲ್ಲ. ರತ್ನಮಾಲಾ ಸಿಪ್ಪೆಯನ್ನು ತಿರುಗಿಸಿ ನೋಡಿ ಅಡುಗೆಮನೆಗೆ ಹೋದರು. ಅಲ್ಲಿಂದಲೇ ಹೇಳಿದರು: "ಬಾಳಿಹಣ್ಣಿಗೆ ಅಳು ಬರಂಗಿಲ್ಲ. ನನಗಿಂತ ತೆಳ್ಳನ ಚರ್ಮದಾಕಿ ಯಾರರ ಮದಲ ಹಾಕಿಸ್ಕೊಳ್ಳಲಿ. ಆಮ್ಯಾಗ ನೋಡೂಣು."

ಈ ಮಾತನ್ನು ಬಸಯ್ಯ ಖಾನಾಪುರಕ್ಕೆ ಮುಟ್ಟಿಸಿದರು. ಭರಮವ್ವ ತಮ್ಮ ಎರಡೂ ತೋಳುಗಳನ್ನು ಚಾಚಿ ತೋರಿಸಿದರು. ತೊಟ್ಟಿಲು, ಬಾಸಿಂಗ, ಬಳ್ಳಿ, ಚೇಳು; ಇರುವೆ ಓಡಾಡಲೂ ಜಾಗವಿಲ್ಲ. ಖಾಲಿ ಇದ್ದದ್ದು ಎಡ ಮಣಿಕಟ್ಟಿನ ಒಳಬದಿ ಒಂದೇ.

"ಹಚ್ಚಿ ಹಾಕಾಕಿ ತನ್ನ ಕೈಲೆ ತಾ ಹಾಕ್ಕೋಬಾರದು. ಇವೆಲ್ಲಾ ನಮ್ಮವ್ವ ಹಾಕಿದ್ದು. ಇಷ್ಟ ಜಾಗಾ ಉಳಿದಿತ್ತು, ಆಕಿ ಸತ್ಲು. ನಲವತ್ತು ವರ್ಷ ಆತು. ಇಲ್ಲೆ ಹಾಕು, ಬಸಯ್ಯಾ."

ಆ ಭಾನುವಾರ ಖಾನಾಪುರದಲ್ಲಿ ಭರಮವ್ವನ ಮನೆಯ ಜಗಲಿಯ ಮೇಲೆ ಬಸಯ್ಯ ಯಂತ್ರ ಹಿಡಿದರು. ಕಾಗದದಂಥ ಚರ್ಮ, ಕೆಳಗೆ ನೀಲಿ ನರ. ಪಾರೀಸರಿಗೆ ನೋಡಲಾಗಲಿಲ್ಲ, ಎದ್ದು ಬೀದಿಗೆ ಹೋಗಿ ಬೆನ್ನು ಹಾಕಿ ನಿಂತರು. ಭರಮವ್ವ ತಮಗೆ ತಾವೇ ಹಾಡಿಕೊಂಡರು. ಹಾಡು ನಡುವೆ ಎಲ್ಲೂ ನಿಲ್ಲಲಿಲ್ಲ. ನಾಲ್ಕೆಲೆಯ ಒಂದು ಬಳ್ಳಿ ಮೂಡಿತು. ಮೂರು ದಿನ ಕಳೆಯಿತು, ವಾರ ಕಳೆಯಿತು, ಎರಡು ವಾರವೂ ಆಯಿತು. ಹದಿನೈದನೇ ದಿನ ಭರಮವ್ವ ಬಸ್ಸು ಹತ್ತಿ ನೇರ ಶಿವಬಸವ ನಗರದ ಮನೆಗೇ ಬಂದು, ಮಣಿಕಟ್ಟನ್ನು ರತ್ನಮಾಲಾ ಅವರ ಮುಖದ ಮುಂದೆ ಹಿಡಿದರು. ಬಳ್ಳಿಯ ಗೆರೆ ಹಾಕಿದ ದಿನದಷ್ಟೇ ತೆಳ್ಳಗಿತ್ತು.

ರತ್ನಮಾಲಾ ಬಾಗಿ ಒಂದೊಂದೇ ಎಲೆ ನೋಡಿದರು. ಆಮೇಲೆ ತಮ್ಮ ತೋಳಿನ ಗುಂಡಿ ಬಿಚ್ಚಿ ಮೇಲೆ ಸರಿಸಿದರು. ಹತ್ತು ವರ್ಷದ ಆ ನೀಲಿ ಕಲೆಯನ್ನು ಭರಮವ್ವ ಬೆರಳಿನಿಂದ ಸವರಿ ನೋಡಿ, ಇದನ್ನು ಅಳಿಸಲು ಬರುವುದಿಲ್ಲ, ಮೇಲೊಂದು ದೊಡ್ಡ ಎಲೆ ತುಂಬಿ ಮುಚ್ಚಿಬಿಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಪಾರೀಸರೂ ಅದನ್ನೇ ಅಂದುಕೊಂಡಿದ್ದರು. ತುಂಬಲು ಐದು ಸೂಜಿಯ ಕಡ್ಡಿಯನ್ನೂ ಬೆಸೆದಿಟ್ಟಿದ್ದರು.

"ಬ್ಯಾಡಬೇ. ಮುಚ್ಚೂದು ಸಾಕಾತು ನನಗ. ಹತ್ತು ವರ್ಷ ಮುಚ್ಚೀನಿ. ಅದರ ಕೆಳಗ ಹೆಸರಾ ಬರಿ," ಎಂದರು ರತ್ನಮಾಲಾ.

"ನನಗ ಅಕ್ಷರಾ ಎಲ್ಲಿ ಬರ್ತಾವ, ತಂಗಿ?"

ರತ್ನಮಾಲಾ ಪೆನ್ನು ತಂದು ತಾವೇ ತಮ್ಮ ಮಣಿಕಟ್ಟಿನ ಮೇಲೆ ನಾಲ್ಕು ಅಕ್ಷರ ಬರೆದುಕೊಂಡರು. ಪಾರೀಸ ಹೊಸ ಯಂತ್ರದ ತುಂಬುವ ಕಡ್ಡಿ ತೆಗೆದು ಗೆರೆಯ ಕಡ್ಡಿ ಹಾಕಿದರು. ಹಾಕುವಾಗ ಕಡ್ಡಿ ಎರಡು ಸಲ ಕೆಳಗೆ ಬಿತ್ತು, ಎರಡು ಸಲವೂ ಬಿದ್ದ ಸೂಜಿ ಎಸೆದು ಹೊಸ ಕಡ್ಡಿ ತೆಗೆದರು. ಭರಮವ್ವ ಹಾಡು ಎತ್ತಿಕೊಂಡು, ಓದಲು ಬಾರದ ಅಕ್ಷರಗಳ ಮೇಲೆ ಬಳ್ಳಿ ಎಳೆದಷ್ಟೇ ಜೋಪಾನವಾಗಿ ಸೂಜಿ ನಡೆಸಿದರು. ಈ ಸಲ ಪಾರೀಸ ಬೀದಿಗೆ ಹೋಗಲಿಲ್ಲ. ಹೆಂಡತಿಯ ಇನ್ನೊಂದು ಕೈ ಹಿಡಿದುಕೊಂಡು ಕೂತರು.

ಇದೆಲ್ಲ ಆಗಿ ತಿಂಗಳಾಗುತ್ತ ಬಂದಿದೆ. ಬೆಳಗಿನ ಎಂಟೂಕಾಲಾಗಿದೆ. ಪಾರೀಸ ಹಲಗೆಯ ಮೇಲೆ ಬಟ್ಟೆ ಹೊದಿಸಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಾರೆ. ನೂರಾ ನಲವತ್ನಾಲ್ಕನೆಯದು ಅರ್ಧಕ್ಕೆ ಬಂದಿದೆ, ಅದು ಬಸಯ್ಯನಿಗೆ. ರತ್ನಮಾಲಾ ಬುತ್ತಿ ಕಟ್ಟಿ ತಂದುಕೊಡುತ್ತಾರೆ. ಅವರು ತೊಟ್ಟಿರುವುದು ಮೊಳಕೈಯ ತನಕದ ಕುಪ್ಪಸ.

ದೀಪಾವಳಿಯ ಮರುದಿನ ಬಸದಿಯಲ್ಲಿ ನಡೆದದ್ದನ್ನು ಪಾರೀಸ ತಾವಾಗಿ ಹೇಳುವುದಿಲ್ಲ, ಎರಡು ಸಲ ಕೇಳಿದ ಮೇಲೆ ಹೇಳುತ್ತಾರೆ. ಅಂದು ಪಂಕ್ತಿಯಲ್ಲಿ ತಲೆ ತಗ್ಗಿಸಿ ಕೂತಿದ್ದ ಅವರ ಎಲೆಗೆ ಅನ್ನ ಬಿತ್ತು. ಬಡಿಸಿದ ಕೈ ಮುಂದೆ ಹೋಗಿ ಹೆಂಗಸರ ಸಾಲು ಮುಟ್ಟಿತು. ಅಲ್ಲೊಬ್ಬ ಹಿರಿಯಾಕೆ, ಪಾರೀಸ ಅಂಜಿದ್ದ ಪ್ರಶ್ನೆಯನ್ನೇ ಕೇಳಿದರು: ಕೈಗೇನಾಯಿತು, ಪೆಟ್ಟು ಬಿತ್ತೇ?

"ಪೆಟ್ಟಲ್ಲರಿ. ಇದು ನಮ್ಮನಿಯವರು ಮಾಡಿದ ಮದಲನೇ ಮಿಷನ್ನಿಂದು," ಎಂದರು ರತ್ನಮಾಲಾ, ಇಡೀ ಪಂಕ್ತಿಗೆ ಕೇಳುವಂತೆ. "ಕೆಳಗಿಂದು ಈಗ ಮಾಡಿದ್ದು. ಓದ್ರಿ."

ಹಿರಿಯಾಕೆ ಆ ಮಣಿಕಟ್ಟನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದರು: "ರಾಜಮತಿ."